ಸೋದರಮಾವ ಹೊತ್ತ ಹಲ್ಲು

ಪಟಾನ್‌ಚೆರು
9 ಜನವರಿ 2024

ಕಟ್ಟೆಯ ಮೇಲೆ ಕೂತವರೇ, ಜಾಗ ಸಾಲದೆ ನಿಂತವರೇ, ಒಳಗೆ ರೊಟ್ಟಿ ಬಡಿಯುತ್ತ ಕಿವಿಯನ್ನು ಮಾತ್ರ ಹೊರಗೆ ಕಳಿಸಿದ ತಾಯಂದಿರೇ! ನನ್ನಕ್ಕ ಗಂಗಾಬಾಯಿಯ ಮನೆ ಮುಂದೆ ನೆರೆದ ಸಮಸ್ತ ಮಹಾಜನರಿಗೆ ನಿಮ್ಮ ತಾಯಪ್ಪನ ನಮಸ್ಕಾರ. ಪ್ರತಿಸಲ ನನ್ನ ಪತ್ರ ಓದಿ ಹೇಳುತ್ತಿದ್ದವಳು ನನ್ನ ಸೋದರಸೊಸೆ ಭಾಗ್ಯಶ್ರೀ. ಈಗ ಅವಳ ದವಡೆ ನೋಯುತ್ತಿದೆ. ಆದ್ದರಿಂದ ಅಕ್ಕಾ, ನೀನೇ ಓದು, ಗಟ್ಟಿಯಾಗಿ ಓದು. ನಿನ್ನ ತಮ್ಮ ಇಪ್ಪತ್ತೆರಡು ವರ್ಷ ಕಂಪನಿ ನಾಟಕದಲ್ಲಿ ಕಡೆಯ ಸಾಲಿನ ಕಿವುಡನಿಗೂ ಕೇಳುವಂತೆ ಗರ್ಜಿಸಿದವನು. ಈಗ ಹೈದರಾಬಾದಿನ ಪಕ್ಕದ ಔಷಧ ಕಾರ್ಖಾನೆಯ ಗೇಟಿನಲ್ಲಿ ನಿಂತು ಲಾರಿಗಳಿಗೆ ಗರ್ಜಿಸುತ್ತಿದ್ದಾನೆ ಅಷ್ಟೇ. ಅವನ ಪತ್ರವನ್ನು ಪಿಸುಗುಟ್ಟಿ ಓದಿದರೆ ಅವಮಾನ.

ಸುದ್ದಿ ಇಷ್ಟೇ: ಹಲ್ಲು ತಲುಪಿತು!

ಅರ್ಧದಲ್ಲಿ ಬಂದು ಕೂತವರು ಕೇಳಿರಿ. ಭಾಗ್ಯಶ್ರೀಗೆ ಇಪ್ಪತ್ತು ವರ್ಷ. ಅವಳ ಎಡದವಡೆಯ ಮೂಳೆಯೊಳಗೆ ಒಂದು ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಅಷ್ಟು ಭಾಗದ ಮೂಳೆಯನ್ನೇ ಕೊಯ್ದು ತೆಗೆಯಬೇಕು. ತೆಗೆದ ಜಾಗಕ್ಕೆ ಕಾಲಿನ ಸಣ್ಣ ಮೂಳೆಯನ್ನು ಕತ್ತರಿಸಿ ಜೋಡಿಸುವುದು ಎಲ್ಲ ಕಡೆ ನಡೆದು ಬಂದ ಪದ್ಧತಿ. ಆದರೆ ಇವಳು ಪೊಲೀಸ್ ಕೆಲಸಕ್ಕೆ ಓಡುವ ಹುಡುಗಿ! ಕಾಲಿನ ಮೂಳೆ ಕೊಟ್ಟು ಓಟದ ಪರೀಕ್ಷೆಗೆ ಹೇಗೆ ನಿಂತಾಳು?

ಅದಕ್ಕೆ ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ಹೊಸ ಪ್ರಯೋಗ. ಬುದ್ಧಿಹಲ್ಲಿನ ಒಳಗೆ ಮೆತ್ತಗಿನ ತಿರುಳು ಇರುತ್ತದೆ. ಆ ತಿರುಳಿನಲ್ಲಿ ಸ್ಟೆಮ್ ಸೆಲ್ ಎಂಬ ಜೀವಕಣಗಳು. ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕಣಗಳು ಅವು, ಪಾತ್ರ ಹಂಚುವ ಮೊದಲಿನ ನಟರಿದ್ದಂತೆ. ಅವನ್ನು ಬೆಳೆಸಿ, ಮೂಳೆಯ ಪಾತ್ರ ಕೊಟ್ಟು, ದವಡೆಯ ತೆರವಿನಲ್ಲಿ ನಿಲ್ಲಿಸುತ್ತಾರೆ. ಅವಳದೇ ಹಲ್ಲು, ಅವಳದೇ ಮೂಳೆ!

ರಾಯಚೂರಿನ ಹಲ್ಲಿನ ಡಾಕ್ಟರು ಮೇಲಿನ ಬುದ್ಧಿಹಲ್ಲು ಕಿತ್ತು, ಸಿಕಂದರಾಬಾದಿನವರು ಕಳಿಸಿದ್ದ ಬಾಟಲಿಗೆ ಹಾಕಿಸಿದರು. ತಣ್ಣನೆಯ ಡಬ್ಬಿಯಲ್ಲಿಟ್ಟು ಒಂದು ದಿನದೊಳಗೆ ತಲುಪಿಸಬೇಕು, ಕೊರಿಯರ್‌ನವನು ಬರುತ್ತಾನೆ ಎಂದರು. ನಾನು ಎದ್ದು ನಿಂತೆ. "ಏನ್ರಿ ಡಾಕ್ಟ್ರ, ಕಿವಿ ಚುಚ್ಚಾಕ ಸೋದರಮಾವನ ತೊಡಿ ಬೇಕು, ಹಲ್ಲು ಹೊರಾಕ ಕೊರಿಯರ್‌ನಾಂವ ಬೇಕೇನು? ತರ್ರಿ ಇಲ್ಲಿ!" ಅಂದೆ. ಕೊಟ್ಟರು.

ಬಸ್ಸಿನ ಪ್ರಯಾಣದಲ್ಲಿ ಹೇಳುವಂಥದ್ದೇನೂ ಇಲ್ಲ.

ಪ್ರಯೋಗಶಾಲೆಯಲ್ಲಿ ಡಬ್ಬಿ ಇಸಿದುಕೊಂಡವರು ದೀಪ್ತಿ ಎಂಬ ಹೆಣ್ಣುಮಗಳು. ನಮ್ಮ ಬೀದರಿನವರು. "ಹೊತ್ತಿಗೆ ಸರಿಯಾಗಿ ಬಂದ್ರಿ ಕಾಕಾ" ಅಂದರು. ಓಣಿಯ ಮಹಾಜನರೇ, ಒಂದು ಚಪ್ಪಾಳೆ ಬೀಳಲಿ.

ನಿಮ್ಮ
ತಾಯಪ್ಪ


ರಾಯಚೂರು
16 ಜನವರಿ 2024

ತೀರ್ಥಸ್ವರೂಪ ಮಾಮಾ ಅವರಿಗೆ ಭಾಗ್ಯಶ್ರೀಯ ನಮಸ್ಕಾರಗಳು.

ಚಪ್ಪಾಳೆ ಬಿತ್ತು. ಕಟ್ಟೆಯ ಮೇಲೆ ಹನ್ನೊಂದು ಜನ ಇದ್ದರು. ಅವ್ವ ಓದುವಾಗ "ಗರ್ಜಿಸಿದವನು" ಅನ್ನುವಲ್ಲಿ ಕೆಮ್ಮು ಬಂದು ನೀರು ಕುಡಿದಳು. ಮುಂದಿನ ಸಲ ಸಣ್ಣ ಮಾತು ಬರೆಯಿರಿ. ಇಲ್ಲಿಗೆ ಬಂದಿದ್ದಾಗ ಭಾನುವಾರ ನೀವು ಓಣಿಯ ಹುಡುಗರಿಗೆ ನಾಟಕಕ್ಕೆಂದು ಅಂಟಿಸಿದ ಮೀಸೆಯ ಗುರುತು ಇನ್ನೂ ಹೋಗಿಲ್ಲವಂತೆ, ಅವರ ಅವ್ವಂದಿರು ಬೈಯುತ್ತಿದ್ದಾರೆ.

ಫೋನ್ ಮಾಡದೆ ಪತ್ರ ಬರೆಯುತ್ತಿರುವುದಕ್ಕೆ ಎರಡು ಕಾರಣ. ಒಂದು, ಹತ್ತು ಮಾತಾಡಿದರೆ ದವಡೆ ಕಿವಿಯವರೆಗೂ ಸೆಳೆಯುತ್ತದೆ. ಎರಡು, ಫೋನಿನಲ್ಲಿ ನೀವು ನಮಗೆ ಮಾತಾಡಲು ಬಿಡುವುದಿಲ್ಲ.

ಒಂದು ಮಾತು ಬಹಳ ದಿನದಿಂದ ಹೇಳಬೇಕೆಂದಿದ್ದೆ. ನಾನು ಕೂಸಿದ್ದಾಗ ನನಗೆ ಮೇಲಿನ ಹಲ್ಲು ಮೊದಲು ಬಂತಂತೆ. ಅದು ಸೋದರಮಾವನಿಗೆ ಕೇಡು ಅಂತ ಹಿರಿಯರು ಹೇಳಿದರಂತೆ. ನೀವು ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ನನ್ನ ಕಿವಿ ಚುಚ್ಚಿದ್ದು ಪಕ್ಕದ ಮನೆಯ ಗುರುಬಾಯಿ ಅತ್ತೆಯ ಗಂಡನ ತೊಡೆಯ ಮೇಲೆ. ಅವ್ವ ಇದನ್ನು ನಗುತ್ತಲೇ ಹೇಳುತ್ತಾಳೆ, ಆದರೆ ಪ್ರತಿವರ್ಷ ಹೇಳುತ್ತಾಳೆ. ಅವತ್ತು ಡಾಕ್ಟರ ಮುಂದೆ ನೀವು ಎದ್ದು ನಿಂತಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನನ್ನ ಬಾಯಿ ತುಂಬ ಹತ್ತಿ ಇತ್ತು, ಏನೂ ಅನ್ನಲಾಗಲಿಲ್ಲ. ಈಗ ಅನ್ನುತ್ತೇನೆ: ಹಳೆಯದು ತೀರಿತು ಮಾಮಾ.

ಬಾಟಲಿಯ ಗುಲಾಬಿ ಬಣ್ಣದ ನೀರಿನಲ್ಲಿ ನನ್ನ ಹಲ್ಲು ತೇಲುತ್ತಿದ್ದದ್ದು ಕಣ್ಣ ಮುಂದೆಯೇ ಇದೆ. ಅದಕ್ಕೊಂದು ಹೆಸರಿಡಬೇಕು ಅನ್ನಿಸಿತು.

ಇನ್ನೊಂದು. ದಾರಿಯಲ್ಲಿ ಮೇಕೆ ಅಡ್ಡ ಬಂದರೂ ಎರಡು ಪುಟ ಬರೆಯುವವರು ನೀವು. ಆರು ತಾಸಿನ ಬಸ್ಸನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಲ್ಲ?

ನಿಮ್ಮ ಸೊಸೆ
ಭಾಗ್ಯಶ್ರೀ


ಪಟಾನ್‌ಚೆರು
29 ಜನವರಿ 2024

ಚಿ. ಭಾಗ್ಯಶ್ರೀಗೆ ಆಶೀರ್ವಾದಗಳು.

ಮೊನ್ನೆ ರಜೆ ಹಾಕಿ ನಿನ್ನ ಹಲ್ಲಿನ ಯೋಗಕ್ಷೇಮ ವಿಚಾರಿಸಲು ಸಿಕಂದರಾಬಾದಿಗೆ ಹೋಗಿದ್ದೆ. ಆಹಾ, ಎಂಥ ಜಾಗ! ಗಾಜಿನ ಆಚೆ ತಲೆಯಿಂದ ಪಾದದವರೆಗೆ ಬಿಳಿಯುಟ್ಟ ಜನ. ಒಬ್ಬರ ಮುಖ ಒಬ್ಬರಿಗೆ ಕಾಣದು, ಒಂದು ಸದ್ದಿಲ್ಲ. ಇಂಥ ರಂಗಸಜ್ಜಿಕೆಯನ್ನು ನಮ್ಮ ನಾಟಕ ಕಂಪನಿಯ ಮಾಲೀಕರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ದೀಪ್ತಿಯವರು ನಿಂತು ವಿವರಿಸಿದರು. ಹಲ್ಲನ್ನು ಸೀಳಿ ತಿರುಳನ್ನು ತೆಗೆದಿದ್ದಾರೆ. ಚೂರು ಮಾಡಿ ಗಾಜಿನ ತಟ್ಟೆಯಲ್ಲಿ ಹಾಕಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಜೀವ ಇದ್ದರೆ ಕಣಗಳು ತಟ್ಟೆಯ ತಳಕ್ಕೆ ಅಂಟಿಕೊಂಡು, ಕಾಲು ಚಾಚಿ, ಹರಡಿಕೊಳ್ಳಬೇಕು.

"ಹರಡ್ಯಾವೇನವ್ವ?" ಅಂದೆ.

"ಇನ್ನೂ ಇಲ್ರಿ ಕಾಕಾ. ಒಮ್ಮೊಮ್ಮೆ ತಡ ಆಗ್ತದ. ನೋಡೂಣು."

"ಬೀದರಿನ ನೀರು ಕುಡಿದವರ ಕೈಯಾಗ ಐತಿ, ಹರಡಲಾರದ ಎಲ್ಲಿ ಹೋದಾವು!"

ಅವರು ನಗಲಿಲ್ಲ. ಒಂದೆರಡು ಪ್ರಶ್ನೆ ಕೇಳಿದರು, ಉತ್ತರ ಹೇಳಿ ಬಂದೆ.

ಇಲ್ಲಿ ಚಳಿ ಬಹಳ. ಮುಂಜಾನೆ ಕಾರ್ಖಾನೆಗಳ ವಾಸನೆ ಮಂಜಿನ ಜೊತೆ ನೆಲಕ್ಕೇ ಕೂತುಬಿಡುತ್ತದೆ, ಮೂಗಿಗೆ ಟವೆಲ್ ಕಟ್ಟಿ ಗೇಟು ತೆಗೆಯುತ್ತೇನೆ. ನೀನು ಬಿಸಿನೀರಿನಲ್ಲಿ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಬಸ್ಸಿನ ವಿಷಯ ನೀನು ಕೇಳಿದ್ದೆ. ಕಿಟಕಿಯ ಪಕ್ಕ ಕೂತಿದ್ದೆ, ನಿದ್ದೆ ಹತ್ತಿತ್ತು.

ಇಂತು
ತಾಯಪ್ಪ


ರಾಯಚೂರು
12 ಫೆಬ್ರವರಿ 2024

ಮಾಮಾ ಅವರಿಗೆ ನಮಸ್ಕಾರಗಳು.

ಶುಕ್ರವಾರ ದೀಪ್ತಿ ಮೇಡಂ ಫೋನ್ ಮಾಡಿದ್ದರು. ಹಲ್ಲು ಸತ್ತಿದೆ. ಒಂದು ಕಣವೂ ಬದುಕಿಲ್ಲ. ಅವರು ಇಂಥ ಸುದ್ದಿ ಹೇಳಿ ರೂಢಿಯಾದವರಲ್ಲ ಅನ್ನಿಸುತ್ತದೆ, ನಡುನಡುವೆ ನಿಂತರು. ನಾನೇ "ಇರ್ಲಿ ಬಿಡ್ರಿ ಮೇಡಂ" ಅಂದೆ.

ಅವ್ವ ಫೋನ್ ಕಸಿದುಕೊಂಡು ಕಾರಣ ಕೇಳಿದಳು. ಬಾಟಲಿಯಲ್ಲಿ ತಾವು ಕಳಿಸಿದ್ದ ಗುಲಾಬಿ ಬಣ್ಣದ ದ್ರವ ಇರಲಿಲ್ಲ, ಬಣ್ಣವಿಲ್ಲದ ಬೇರೆ ನೀರಿತ್ತು ಎಂದರಂತೆ. ತಂದವರನ್ನು ಕೇಳಿದರೆ "ಕೊಟ್ಟದ್ದೇ ಹೀಗೆ" ಎಂದರಂತೆ.

ಅವ್ವ ಚಪ್ಪಲಿ ಸಹ ಮೆಟ್ಟದೆ ದವಾಖಾನೆಗೆ ಹೋದಳು. ನಾನು ಹಿಂದಿನಿಂದ ಓಡಿದೆ. ಅಲ್ಲಿ ಬಾಟಲಿ ತುಂಬಿದವನು ಕಂಪೌಂಡರ್ ಗುರುಬಸವ. ನಿಮಗೆ ಡಬ್ಬಿ ಕೊಟ್ಟವನೂ ಅವನೇ.

"ನನ್ನ ಮಗಳ ಹಲ್ಲು ಏನು ನೆನೀಹಾಕಿದ ಕಡ್ಲಿ ಅಂತ ತಿಳ್ಕೊಂಡೀಯೇನೋ, ಸಿಕ್ಕಸಿಕ್ಕ ನೀರಾಗ ಹಾಕಾಕ?"

"ಅವ್ವಾರ, ಅವರು ಕಳಿಸಿದ್ದ ನೀರನ್ನ ಹಾಕೀನ್ರಿ. ನನ್ನ ಕೈಯಾರೆ ಮುಚ್ಚಳ ತಿರುವೀನಿ."

"ಮತ್ತ ನನ್ನ ತಮ್ಮ ಸುಳ್ಳು ಹೇಳ್ತಾನೇನು? ಹೊತ್ತುಕೊಂಡು ಹೋದಾಂವ ಸೋದರಮಾವ ಅದಾನ!"

ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು. ಡಾಕ್ಟರು ಹೊರಗೆ ಬಂದು, ಎಲ್ಲರ ಮುಂದೆ, ನಾಳೆಯಿಂದ ಬರಬೇಡ ಅಂತ ಅವನಿಗೆ ಹೇಳಿದರು. ಅವನು ಬಿಳಿ ಕೋಟು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲೆ ಇಟ್ಟು ಹೋದ.

ಮಾಮಾ, ನೀವು ಕೊಟ್ಟದ್ದೇ ಹೀಗೆ ಅಂದಿರಾ?

ಭಾಗ್ಯಶ್ರೀ


ರಾಯಚೂರು
26 ಫೆಬ್ರವರಿ 2024

ಮಾಮಾ,

ನಿಮ್ಮ ಪತ್ರ ಬರಲಿಲ್ಲ. ಅವ್ವ ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಗೇಟಿನಲ್ಲಿ ಫೋನ್ ಇಸಿದುಕೊಳ್ಳುತ್ತಾರೆ, ಪಾಪ, ಅಂತ ಅವಳೇ ನಿಮ್ಮ ಪರವಾಗಿ ಹೇಳಿಕೊಂಡಳು.

ಈಗಲೂ ಮುಂಜಾನೆ ಮೈದಾನಕ್ಕೆ ಹೋಗುತ್ತೇನೆ. ಬಾಯಿ ತೆರೆದು ಉಸಿರು ಬಿಡಲಾಗುವುದಿಲ್ಲ, ಗಾಳಿ ತಾಗಿದರೆ ಎಡಗಡೆ ಚುಚ್ಚುತ್ತದೆ. ಟವೆಲ್ ಸುತ್ತಿಕೊಂಡು ಓಡುತ್ತೇನೆ. ನಾಲ್ಕುನೂರು ಮೀಟರ್ ಈಗಲೂ ಮುಗಿಸುತ್ತೇನೆ. ಮುಗಿಸಿ ಕೂತು ಕಾಲು ನೋಡಿಕೊಳ್ಳುತ್ತೇನೆ. ಯಾವ ಕಾಲಿನದು ತೆಗೆಯುತ್ತಾರೋ ಕೇಳಿಲ್ಲ.

ಭಾಗ್ಯಶ್ರೀ


ಪಟಾನ್‌ಚೆರು
3 ಮಾರ್ಚ್ 2024

ಚಿ. ಭಾಗ್ಯಶ್ರೀಗೆ ಆಶೀರ್ವಾದಗಳು.

ಎರಡೂ ಪತ್ರ ತಲುಪಿದವು. ಇಲ್ಲಿ ಕೆಲಸ ಹೆಚ್ಚು. ಇನ್ನೊಬ್ಬ ಗೇಟಿನವನು ಮೋಹನ ಊರಿಗೆ ಹೋಗಿದ್ದಾನೆ, ಅವನ ಪಾಳಿಯೂ ನನ್ನ ತಲೆಗೆ.

ಎಲ್ಲವೂ ನಾವು ಅಂದುಕೊಂಡಂತೆ ಆಗುವುದಿಲ್ಲ. ಕಾಲಿನ ಮೂಳೆ ತೆಗೆದರೂ ಮನುಷ್ಯ ನಡೆಯಬಹುದಂತೆ. ಪೊಲೀಸ್ ಕೆಲಸವೊಂದೇ ಕೆಲಸವಲ್ಲ. ಗುರುಬಸವನಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ವಯಸ್ಸಿನ್ನೂ ಸಣ್ಣದು.

ಈ ಪತ್ರವನ್ನು ಕಟ್ಟೆಯ ಮೇಲೆ ಓದುವುದು ಬೇಡ.

ತಾಯಪ್ಪ


ರಾಯಚೂರು
11 ಮಾರ್ಚ್ 2024

ಮಾಮಾ ಅವರಿಗೆ,

ಕಟ್ಟೆಯ ಮೇಲೆ ಓದಲಿಲ್ಲ. ಅವ್ವನಿಗೂ ತೋರಿಸಲಿಲ್ಲ. ಇಷ್ಟು ವರ್ಷದಲ್ಲಿ ನಿಮ್ಮಿಂದ ಬಂದ ಅತಿ ಸಣ್ಣ ಪತ್ರ ಅದು. ನಾಲ್ಕು ಸಲ ಓದಿದೆ.

ನನ್ನ ಬಾಯಲ್ಲಿ ಇನ್ನೊಂದು ಬುದ್ಧಿಹಲ್ಲು ಇದೆ. ಬಲಗಡೆ, ಕೆಳಗೆ, ವಸಡಿನೊಳಗೆ ಅಡಗಿದೆ. ಅದನ್ನು ತೆಗೆದು ಮತ್ತೊಮ್ಮೆ ನೋಡಬಹುದು, ಕಣ ಬೆಳೆಸಲು ದಿನಗಳೂ ಸಾಕು. ಆದರೆ ಪ್ರಯೋಗಶಾಲೆಯವರಿಗೆ ನನ್ನ ಮೇಲೆಯೇ ಅನುಮಾನ ಬಂದಿದೆ. ದೀಪ್ತಿ ಮೇಡಂ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಬಾಟಲಿಯೊಳಗ ಇದ್ದದ್ದು ಸಾದಾ ಸಲೈನ್. ಅದು ಒಳ್ಳೇದಲ್ಲ, ಖರೆ. ಆದ್ರ ಅಷ್ಟಕ್ಕೇ ಎಲ್ಲಾ ಕಣ ಸಾಯಂಗಿಲ್ಲ ಭಾಗ್ಯಶ್ರೀ, ಒಂದಿಷ್ಟರ ಉಳೀಬೇಕಿತ್ತು. ಒಂದೂ ಉಳಿದಿಲ್ಲ ಅಂದ್ರ ನಿನ್ನ ಹಲ್ಲಿನ ತಿರುಳಾಗ ಏನೋ ದೋಷ ಇರಬಹುದು ಅಂತ ದೊಡ್ಡ ಡಾಕ್ಟರು ಅಂತಾರ. ಹಂಗಿದ್ರ ಎರಡನೇ ಹಲ್ಲು ಕಿತ್ತೂ ಉಪಯೋಗ ಇಲ್ಲ."

ಇದೇ 20ಕ್ಕೆ, ಬುಧವಾರ ಹತ್ತು ಗಂಟೆಗೆ ಅವರ ಸಮಿತಿ ಕೂಡುತ್ತದೆ. ಬೇರೆ ಕಾರಣ ಸಿಗದಿದ್ದರೆ ನನ್ನ ಹೆಸರು ತೆಗೆಯುತ್ತಾರೆ. ತೆಗೆದರೆ ಮತ್ತೆ ಸೇರಿಸುವುದಿಲ್ಲ. ಆಮೇಲೆ ಕಾಲಿನ ಮೂಳೆಯೇ.

ನಾನು ಕಂಡದ್ದು ಗುಲಾಬಿ ಬಣ್ಣ. ಅದನ್ನು ಮೇಡಂಗೆ ಹೇಳಿದೆ. ಅವ್ವ ಪಕ್ಕದಲ್ಲೇ ನಿಂತು, "ಇಂಜೆಕ್ಷನ್ ಮಂಪರದಾಗ ಇದ್ಲ್ರಿ ಆಕಿ, ಆಕಿಗೇನು ಕಾಣಸ್ತದ" ಅಂದಳು. ಗುರುಬಸವನ ಮನೆಗೆ ಹೋಗಿ ಕೇಳಿದೆ. ಅವನ ಅವ್ವ ನನ್ನನ್ನು ಒಳಗೆ ಕರೆಯಲಿಲ್ಲ. ಅವನು ಬಾಗಿಲಲ್ಲೇ ನಿಂತು, "ಅಕ್ಕಾರ, ನಾ ಏನು ಹೇಳಿದ್ರೂ ನೀವು ನಿಮ್ಮ ಮಾಮಾನ ಮಾತೇ ನಂಬ್ತೀರಿ, ನಂಬಬೇಕೂ ಹೌದು" ಅಂದ. ಸಿಟ್ಟಿನಿಂದ ಅನ್ನಲಿಲ್ಲ.

ಚಿಕ್ಕವಳಿದ್ದಾಗ ನನ್ನ ಹಲ್ಲಿನಿಂದ ನಿಮಗೆ ಕೇಡು ಅಂದರು. ನನ್ನಿಂದ ನಿಮಗೇನೂ ಆಗಲಿಲ್ಲ ಮಾಮಾ, ಚೆನ್ನಾಗಿಯೇ ಇದ್ದೀರಿ.

ಇಲ್ಲಿಂದ ಹೊರಡುವಾಗ ಬಣ್ಣ ಏನಿತ್ತು ನನಗೆ ಗೊತ್ತು. ಅಲ್ಲಿ ಏನಿತ್ತು ಮೇಡಂಗೆ ಗೊತ್ತು. ನಡುವೆ ಆರು ತಾಸು ಇದೆ.

ಭಾಗ್ಯಶ್ರೀ


ಪಟಾನ್‌ಚೆರು
19 ಮಾರ್ಚ್ 2024, ಮಂಗಳವಾರ, ಸಂಜೆ

ಭಾಗ್ಯಶ್ರೀ,

ಆಶೀರ್ವಾದ ಎಂದು ಬರೆಯಲು ಕೈ ಬರಲಿಲ್ಲ.

ಇವತ್ತು ಮಧ್ಯಾಹ್ನ ಫೋನ್ ಮಾಡಿದವನು ನಾನೇ. "ಹಲೋ, ಯಾರ್ರಿ?" ಅಂದೆ ನೀನು. ಎರಡನೇ ಸಲ "ಮಾಮಾ?" ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ಹಾಗಾಗಿ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಸಮಿತಿ ಮುಗಿದು ಮೂರು ದಿನ ಆಗಿರುತ್ತದೆ.

ಬಸ್ಸು ಮಕ್ತಲ್ ದಾಟಿತ್ತು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಪಕ್ಕದ ಸೀಟಿನವನು, "ಏನೈತ್ರಿ ಡಬ್ಬ್ಯಾಗ, ಮೀನಾ?" ಅಂದ. "ಮೀನಲ್ಲೋ ಮಾರಾಯ, ದವಡಿ!" ಅಂದೆ. ಅವನು ಬೆಚ್ಚಿದ. ಮುಂದಿನ ಸೀಟಿನವರು ತಿರುಗಿದರು. ಅದರ ಮುಂದಿನವರೂ ತಿರುಗಿದರು. ನಾಟಕ ಕಂಪನಿ ಮುಚ್ಚಿ ಹನ್ನೆರಡು ವರ್ಷ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅಷ್ಟು ಮುಖಗಳು ನನ್ನ ಕಡೆ ತಿರುಗಿರಲಿಲ್ಲ. ಎದ್ದು ನಿಂತೆ. ಹಲ್ಲಿನ ಕಥೆ, ತಿರುಳಿನ ಕಥೆ, ನಿನ್ನ ಓಟದ ಕಥೆ, ಎಲ್ಲ ಹೇಳಿದೆ. ಒಬ್ಬಳು ಮುದುಕಿ ಕೈ ಮುಗಿದಳು. "ತೋರಸ್ರಿ, ತೋರಸ್ರಿ" ಅಂದರು. ಡಬ್ಬಿ ತೆಗೆದೆ. ಬಾಟಲಿ ಎತ್ತಿ ಹಿಡಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಚೆನ್ನಾಗಿ ಕಾಣಲಿ ಎಂದು ಮುಚ್ಚಳ ತಿರುವಿದೆ.

ಬಸ್ಸು ಎತ್ತಿ ಹಾಕಿತು. ಗುಲಾಬಿ ನೀರೆಲ್ಲ ನನ್ನ ಧೋತರಕ್ಕೆ. ಹಲ್ಲು ಸೀಟಿನ ಕೆಳಗೆ ಉರುಳಿತು. ಕಡಲೆಕಾಯಿ ಸಿಪ್ಪೆಯ ನಡುವೆ ಅದನ್ನು ಹುಡುಕಿದೆ. ಕುಡಿಯುವ ನೀರಿನಲ್ಲಿ ತೊಳೆದೆ. ಬಾಟಲಿ ಬರಿದು, ಮುಂದೆ ನಾಲ್ಕು ತಾಸಿನ ದಾರಿ. ಒಣಗಿದರೆ ಸಾಯುತ್ತದೆ ಎಂದಷ್ಟೇ ನನಗೆ ನೆನಪಿತ್ತು. ಚೀಲದಲ್ಲಿ ನಾಟಕದ ಬಣ್ಣದ ಪೆಟ್ಟಿಗೆ ಇತ್ತು, ಅದರಲ್ಲಿ ಅಂಟಿಸಿದ ಮೀಸೆ ಬಿಡಿಸುವ ಸ್ಪಿರಿಟ್ಟು. ನಮ್ಮ ಶಾಲೆಯಲ್ಲಿ ಗಾಜಿನ ಭರಣಿಯೊಳಗೆ ಒಂದು ಹಾವು ಇತ್ತು. ನಾನು ಕಲಿಯುವಾಗಲೂ ಇತ್ತು, ನಿನ್ನವ್ವ ಕಲಿಯುವಾಗಲೂ ಇತ್ತು, ಒಂದು ಪೊರೆಯೂ ಸುಲಿದಿರಲಿಲ್ಲ. ಸ್ಪಿರಿಟ್ಟಿನಲ್ಲಿ ಇಟ್ಟದ್ದು ಕೆಡುವುದಿಲ್ಲ ಎಂದು ನಂಬಿದವನು ನಾನು. ಆ ಹಾವು ಸತ್ತದ್ದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬಾಟಲಿ ತುಂಬ ಸ್ಪಿರಿಟ್ ಸುರಿದು ಮುಚ್ಚಿದೆ. ಬಸ್ಸಿನವರು "ಭೇಷ್" ಅಂದರು.

ಇಲ್ಲಿಯವರೆಗಿನದು ದಡ್ಡತನ. ಮುಂದಿನದಕ್ಕೆ ಆ ಹೆಸರು ಸಲ್ಲದು. ಹೈದರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ವಾಸನೆ ಮೂಗಿಗೆ ಹೊಡೆಯಿತು. ಬೈಸಿಕೊಳ್ಳಬೇಕಾಗುತ್ತದೆ ಅನ್ನಿಸಿತು. ಮೆಡಿಕಲ್ ಶಾಪಿನಲ್ಲಿ ಸಲೈನ್ ಕೊಂಡು, ನಾಲ್ಕು ಸಲ ತೊಳೆದು, ಐದನೆಯ ಸಲ ತುಂಬಿದೆ. ದೀಪ್ತಿಯವರು "ಬಣ್ಣ ಎಲ್ಲಿ ಹೋತ್ರಿ ಕಾಕಾ?" ಎಂದಾಗ, ಎಷ್ಟೋ ರಾತ್ರಿ ಜನರನ್ನು ಅಳಿಸಿದ ಇದೇ ಮುಖ ಹೊತ್ತು, "ಕೊಟ್ಟದ್ದೇ ಹಂಗ ಐತವ್ವ" ಅಂದೆ. ಅವರು ನಂಬಿದರು. ನನ್ನ ನಟನೆ ಅಷ್ಟು ಚೆನ್ನಾಗಿತ್ತು.

ಗುರುಬಸವನ ಸುದ್ದಿ ಓದಿದಾಗಲೂ ಹೇಳಲಿಲ್ಲ. ಸತ್ತ ಹಲ್ಲು ಸತ್ತಿತು, ಹೇಳಿದರೆ ಅಕ್ಕನ ಮುಂದೆ ನಾನು ಸಾಯುವುದಷ್ಟೇ ಹೆಚ್ಚು ಎಂದು ಲೆಕ್ಕ ಹಾಕಿದೆ. ಎರಡನೆಯ ಹಲ್ಲು ಇದೆ, ಅದರ ಬದುಕು ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ನೀನು ಬರೆದ ಪತ್ರ ಬಂದದ್ದು ಶುಕ್ರವಾರ. ಇವತ್ತು ಮಂಗಳವಾರ. ನಡುವಿನ ನಾಲ್ಕು ದಿನ ನಾನು ಏನು ಮಾಡಿದೆ ಎಂದು ನೀನು ಕೇಳುತ್ತೀ. ಗೇಟು ತೆಗೆದೆ, ಗೇಟು ಹಾಕಿದೆ. ಇದೂ ನಿನಗೆ ಗೊತ್ತಿರಲಿ.

ನಿನ್ನ ತಿರುಳಿನಲ್ಲಿ ದೋಷವಿಲ್ಲ ಮಗಳೇ. ಕೊಂದವನು ನಾನು. ಅಕ್ಕನಿಗೆ ನೀನೇ ಓದಿ ಹೇಳು, ಅಥವಾ ಹೇಳಬೇಡ, ನಿನ್ನ ಇಷ್ಟ. ಮಾಫಿ ಕೇಳುವುದಿಲ್ಲ. ಕೇಳಿದರೆ ಅದೂ ಮಾತೇ ಆಗುತ್ತದೆ.

ನಾನು ಹೇಳಿದರೂ ಸಮಿತಿ ನಂಬದಿರಬಹುದು. ಒಮ್ಮೆ ಸುಳ್ಳು ಹೇಳಿದವನು, ಸೊಸೆಗಾಗಿ ಇನ್ನೊಮ್ಮೆ ಹೇಳುತ್ತಿದ್ದಾನೆ ಎನ್ನಬಹುದು. ಉಳಿದ ಸ್ಪಿರಿಟ್ ಬಾಟಲಿ ಇದೆ, ಕಲೆಯಾದ ಧೋತರ ಇದೆ, ಎರಡನ್ನೂ ಚೀಲದಲ್ಲಿ ಇಟ್ಟಿದ್ದೇನೆ. ಮೋಹನ ನನ್ನ ಪಾಳಿ ನೋಡಿಕೊಳ್ಳಲು ಒಪ್ಪಿದ್ದಾನೆ.

ನಾಳೆ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಡುತ್ತೇನೆ. ಎಂಟು ಗಂಟೆಗೆಲ್ಲ ಪ್ರಯೋಗಶಾಲೆಯ ಬಾಗಿಲಲ್ಲಿ ಇರುತ್ತೇನೆ. ದೀಪ್ತಿಯವರು ಬಂದ ಕೂಡಲೇ ಗುರುಬಸವ ತಪ್ಪು ಮಾಡಿಲ್ಲ ಎಂದು ಮೊದಲು ಹೇಳಿ, ಆಮೇಲೆ ಮಕ್ತಲ್‌ನಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದದ್ದನ್ನು ಒಂದೂ ಬಿಡದೆ, ಸಣ್ಣ ದನಿಯಲ್ಲಿ ಹೇಳುತ್ತೇನೆ. ಬರೆದುಕೊಡು ಎಂದರೆ ಬರೆದು ಸಹಿ ಹಾಕುತ್ತೇನೆ. ಹೊರಗೆ ಕಳಿಸಿದರೆ ಹತ್ತು ಗಂಟೆಯವರೆಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಒಳಗೆ ಹೋಗುವ ಒಬ್ಬೊಬ್ಬ ಡಾಕ್ಟರಿಗೂ ಮತ್ತೆ ಹೇಳುತ್ತೇನೆ.

ತಾಯಪ್ಪ